ಕೆಮ್ಮಣ್ಣುಗುಂಡಿಯಲ್ಲಿ ಏನೂ ಕಾಣಲಿಲ್ಲ

ಆಷಾಢ ಬಂತೆಂದರೆ ಹೊಸ ಸೊಸೆಯನ್ನು ತವರಿಗೆ ಕಳಿಸುವ ಪದ್ಧತಿ ನಮ್ಮ ಕಡೆ ಇನ್ನೂ ಪೂರಾ ನಿಂತಿಲ್ಲ. ಅತ್ತೆ-ಸೊಸೆ ಒಂದೇ ಹೊಸ್ತಿಲು ದಾಟಬಾರದು ಎನ್ನುವುದು ಎಲ್ಲರೂ ಹೇಳುವ ಕಾರಣ. ನಾಟಿಯ ಹೊತ್ತಿನಲ್ಲಾದರೂ ಗಂಡಿನ ಗಮನ ಗದ್ದೆಯ ಮೇಲಿರಲಿ ಎನ್ನುವುದು ಹೇಳದ ಕಾರಣ ಎಂದು ನಮ್ಮಜ್ಜಿ ನಗುತ್ತಿದ್ದರು. ಈಗ ಲೆಕ್ಕ ತಿರುವುಮುರುವಾಗಿದೆ. ಗಂಡ-ಹೆಂಡತಿ ಜೊತೆಯಾಗಿ ಮನೆಗೆ ಬೀಗ ಹಾಕಿ ಹೊರಡುವುದೇ ಆಷಾಢದಲ್ಲಿ. ಶನಿವಾರ ನಸುಕಿಗೆ ಬೆಂಗಳೂರು ಬಿಟ್ಟ ಕಾರುಗಳು ಮಧ್ಯಾಹ್ನದ ಹೊತ್ತಿಗೆ ಮಲೆನಾಡಿನ ತಿರುವುಗಳಲ್ಲಿ ಒಂದರ ಹಿಂದೊಂದು ಹೊಗೆಯುಗುಳುತ್ತ ನಿಂತಿರುತ್ತವೆ.

ಪುನರ್ವಸು ಮಳೆಯ ಅಂಥದೊಂದು ಶನಿವಾರ ನಾವೂ ತರೀಕೆರೆ ದಾರಿ ಹಿಡಿದೆವು. ಇವರ ಜೇಬಿನಲ್ಲಿ ಒಂದು ಪಟ್ಟಿ. ಕಲ್ಲತ್ತಿಗಿರಿ ಜಲಪಾತ, ಕೆಮ್ಮಣ್ಣುಗುಂಡಿಯ ತೋಟ, ಝಡ್ ಪಾಯಿಂಟ್, ಹೆಬ್ಬೆ, ಹೊತ್ತು ಉಳಿದರೆ ಬಾಬಾಬುಡನ್‌ಗಿರಿ. ಒಂದೊಂದರ ಮುಂದೆಯೂ ತಲುಪುವ ಗಂಟೆ, ಬಿಡುವ ಗಂಟೆ. ಬ್ಯಾಂಕಿನಲ್ಲಿ 30 ವರ್ಷ ಲೆಡ್ಜರ್ ನೋಡಿದ ಕೈ, ಏನು ಮಾಡೋದು. “ರೀ, ಮಳೆಗೂ ಒಂದು ಟೈಮ್ ಬರೆದಿದ್ದೀರಾ?” ಅಂದೆ. ಉತ್ತರ ಬರಲಿಲ್ಲ, ವೈಪರ್ ಜೋರಾಯಿತು.

ಲಿಂಗದಹಳ್ಳಿ ದಾಟಿ ಘಟ್ಟ ಏರುವಾಗ ಮೊದಲು ಸಿಗುವುದು ಕಲ್ಲತ್ತಿಗಿರಿ. ನೀರು ಬೀಳುವಲ್ಲೇ ವೀರಭದ್ರನ ಗುಡಿ. ಬೇಸಿಗೆಯಲ್ಲಿ ಭಕ್ತರು ತಲೆಯೊಡ್ಡಿ ನಿಲ್ಲುವ ಜಾಗದಲ್ಲಿ ಅಂದು ನೀರು ಮೈಮೇಲೆ ಬಂದವರ ಹಾಗೆ ಅಬ್ಬರಿಸುತ್ತಿತ್ತು. ದೂರದಿಂದಲೇ ಕೈಮುಗಿದು ಮೇಲೆ ಹತ್ತಿದೆವು.

ಕೆಮ್ಮಣ್ಣುಗುಂಡಿ ತಲುಪಿದಾಗ ಕಂಡದ್ದು ನಮ್ಮ ಕಾರಿನ ಬಾನೆಟ್ ಮಾತ್ರ. ಉಳಿದದ್ದೆಲ್ಲ ಮಂಜು. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯಲು ಆರಿಸಿಕೊಂಡ ಗಿರಿಧಾಮವಿದು, ಕೆ.ಆರ್. ಹಿಲ್ಸ್ ಎಂಬ ಹೆಸರೂ ಅದರಿಂದಲೇ. ಸಮುದ್ರಮಟ್ಟದಿಂದ 1,434 ಮೀಟರ್ ಎತ್ತರ. ಜುಲೈಯಲ್ಲಿ ಆ ಎತ್ತರಕ್ಕೆ ಹೋದವರು ಮೋಡವನ್ನು ನೋಡುವುದಿಲ್ಲ, ಮೋಡದೊಳಗೇ ಇರುತ್ತಾರೆ. ಕೊಡೆ ಒಂದೇ ಗಾಳಿಗೆ ಮಗುಚಿಕೊಂಡಿತು. ಪಕ್ಕದಲ್ಲಿ ಹೊಸದಾಗಿ ಮದುವೆಯಾದಂತಿದ್ದ ಜೋಡಿಯೊಂದು ಮಂಜಿನ ಕಡೆ ಮೊಬೈಲ್ ಹಿಡಿದು, ಇಳಿಸಿ, ಮತ್ತೆ ಹಿಡಿದು ಸಾಕಾಗಿತ್ತು. “ಇದನ್ನ ನೋಡೋಕೆ ಇಷ್ಟು ದೂರ ಬಂದ್ವಾ? ದುಡ್ಡು ದಂಡ” ಎಂದಳು ಹುಡುಗಿ. ಇವರು ಸದ್ದಿಲ್ಲದೆ ಪಟ್ಟಿ ತೆಗೆದು ಝಡ್ ಪಾಯಿಂಟಿನ ಮೇಲೆ ಗೀಟು ಎಳೆದರು.

ತೋಟದ ಅಂಚಿನ ಸೂರಿನ ಕೆಳಗೆ ಒಂದು ತಾಸು ಕೂತೆವು. ಬೇರೆ ಕೆಲಸವಿಲ್ಲದ ಕಣ್ಣು ಕಾಲಬುಡದ ಚರಂಡಿಯ ಮೇಲೆ ಬಿತ್ತು. ಹರಿಯುತ್ತಿದ್ದ ನೀರು ಕೆಂಪಗಿತ್ತು. ಕುಂಕುಮ ಕದಡಿದ ಹಾಗೆ. ಇಲ್ಲಿನ ಮಣ್ಣಿನಲ್ಲಿ ಕಬ್ಬಿಣವಿದೆ. 1923ರಲ್ಲಿ ಶುರುವಾದ ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಈ ಗುಡ್ಡಗಳಿಂದ. ಕೆಂಪು ಮಣ್ಣಿನ ಗುಂಡಿ, ಕೆಮ್ಮಣ್ಣುಗುಂಡಿ. ಹಿಂದೆ ಎರಡು ಸಲ ಬಿಸಿಲಿನಲ್ಲಿ ಬಂದು ಗುಲಾಬಿ ನೋಡಿ ಹೋಗಿದ್ದ ನನಗೆ ಊರಿನ ಹೆಸರು ಅರ್ಥವಾದದ್ದು ಈ ಮಳೆಯಲ್ಲಿ. ಇವರಿಗೆ ತೋರಿಸಿದೆ. “ಇದು ಪಟ್ಟಿಯಲ್ಲಿರಲಿಲ್ಲ ಕಣೇ” ಅಂದರು.

ಹೆಬ್ಬೆಗೆ ಜೀಪು ಕೇಳಿದಾಗ ಚಾಲಕ ತಲೆಯಾಡಿಸಿಬಿಟ್ಟ. “ಮೇಲುಗಡೆ ಮಳೆ ಕಚ್ಚಿಕೊಂಡಿದೆ ಅಮ್ಮ. ಹೋಗೋವಾಗ ಹಳ್ಳ ಮೊಣಕಾಲು ಮಟ್ಟ ಇರತ್ತೆ, ಬರೋವಾಗ ದಾಟಕ್ಕಾಗಲ್ಲ.” ಬಾಡಿಗೆ ಬೇಡವೆಂದು ಹೇಳಿದ ಆ ಹುಡುಗ ಎರಡೇ ಮಾತಿನಲ್ಲಿ ಜಲಪಾತದ ಶಾಸ್ತ್ರವನ್ನೇ ಹೇಳಿದ್ದ. ಝರಿ ಉಕ್ಕುವುದು ನಾವು ನಿಂತಲ್ಲಿ ಸುರಿದ ಮಳೆಗಲ್ಲ. ಗುಡ್ಡದ ನೆತ್ತಿಯಲ್ಲಿ, ನಮ್ಮ ಕಣ್ಣಿಗೆ ಕಾಣದಲ್ಲಿ ಸುರಿದ ಮಳೆಗೆ. ಕೆಳಗೆ ಹೂಬಿಸಿಲು ಇರುವಾಗಲೂ ನೀರು ಏರಬಹುದು. ತಿಳಿಯಾಗಿದ್ದ ನೀರು ಕದಡಿ, ತರಗೆಲೆ, ಕಡ್ಡಿ ತೇಲಿಬರತೊಡಗಿದರೆ ಊರಿನವರು ಮಾತಿಲ್ಲದೆ ದಡ ಹತ್ತುತ್ತಾರೆ. ನಾವು ಆಗ ಕ್ಯಾಮೆರಾ ಹೊರತೆಗೆಯುತ್ತೇವೆ.

2023ರ ಜುಲೈಯಲ್ಲಿ ಕೊಲ್ಲೂರಿನ ಹತ್ತಿರದ ಅರಶಿನಗುಂಡಿಯಲ್ಲಿ ಬಂಡೆಯ ತುದಿಯಲ್ಲಿ ನಿಂತಿದ್ದ ಯುವಕನೊಬ್ಬ ಜಾರಿ ನೀರುಪಾಲಾದ. ಆ ದೃಶ್ಯವನ್ನು ನಾಡೇ ಮೊಬೈಲಿನಲ್ಲಿ ನೋಡಿತು. ಅದೇ ತಿಂಗಳು ದೂಧ್‌ಸಾಗರ ನೋಡಲು ರೈಲು ಹಳಿಯ ಮೇಲೆ ನಡೆದುಹೋದವರಿಗೆ ಪೊಲೀಸರು ಬಸ್ಕಿ ಹೊಡೆಸಿದರು. ಇಂಥವರನ್ನೆಲ್ಲ ಹುಚ್ಚರೆಂದು ಬಯ್ದು ಮುಗಿಸುವುದು ಸುಲಭ. ನನಗೆ ಹಾಗನಿಸುವುದಿಲ್ಲ. ಅವರನ್ನು ಅಂಚಿಗೆ ತಳ್ಳುವುದು ಧೈರ್ಯವಲ್ಲ, ಬರಿಗೈಯಲ್ಲಿ ವಾಪಸು ಹೋಗುವ ಸಂಕಟ. ರಜೆ ಹಾಕಿದ್ದೇವೆ, ಪೆಟ್ರೋಲ್ ಸುಟ್ಟಿದ್ದೇವೆ, ರೂಮಿಗೆ ಕೊಟ್ಟಿದ್ದೇವೆ. ಮಂಜು ಏನನ್ನೂ ತೋರಿಸಲಿಲ್ಲ. ಹಾಗಾದರೆ ಇನ್ನೆರಡು ಹೆಜ್ಜೆ ಮುಂದೆ. ಆ ಎರಡು ಹೆಜ್ಜೆಯಲ್ಲೇ ಪಾಚಿ ಇರುವುದು.

ಮಲೆನಾಡಿನ ಮಳೆಗೆ ಬೇಕಾದದ್ದು ಕಾಯುವ ಪುರುಸೊತ್ತು. ಮದುವೆಯಾದ ಹೊಸತರಲ್ಲಿ ನಾವು ಜೋಗಕ್ಕೆ ಹೋಗಿದ್ದೆವು. 253 ಮೀಟರ್ ಧುಮ್ಮಿಕ್ಕುವ ಶರಾವತಿಯ ಸದ್ದು ಎದೆಗೆ ಬಡಿಯುತ್ತಿತ್ತು, ಕಣ್ಣಿಗೆ ಮಾತ್ರ ಬಿಳಿ ಪರದೆ. ಬಿಸಿ ಮಂಡಕ್ಕಿ ತಿನ್ನುತ್ತ ಎರಡು ಗಂಟೆ ನಿಂತೆವು. ಇದ್ದಕ್ಕಿದ್ದಂತೆ ಗಾಳಿ ಪರದೆ ಸರಿಸಿತು. ನೆರೆದವರೆಲ್ಲ ‘ಹೋ’ ಎಂದು ಕೂಗಿದರು. ಅಷ್ಟರಲ್ಲಿ ಮತ್ತೆ ಮುಚ್ಚಿತು. ಅರ್ಧ ನಿಮಿಷ ಇರಬಹುದು. ಆಗ ಕಂಡದ್ದು ರಾಜಾ, ರೋರರ್ ಎಂದು ಇವರ ವಾದ, ರಾಣಿಯೂ ಇದ್ದಳು ಎಂದು ನನ್ನ ವಾದ. 26 ವರ್ಷವಾದರೂ ತೀರ್ಮಾನವಾಗಿಲ್ಲ. ಎಲ್ಲವೂ ನಿಚ್ಚಳ ಕಂಡಿದ್ದರೆ ಆ ದಿನವನ್ನು ಎಂದೋ ಮರೆತಿರುತ್ತಿದ್ದೆವು.

ಇನ್ನು ಜಿಲ್ಲಾಡಳಿತಗಳ ಮಾತು. ಅನಾಹುತವಾದ ಮೇಲೆ ನಿಷೇಧ, ಮಳೆ ಇಳಿದ ಮೇಲೆ ತೆರವು, ಮರುವರ್ಷ ಮತ್ತೆ ಅದೇ. ಜೀವ ಉಳಿಸುವ ನಿಷೇಧಕ್ಕೆ ನನ್ನ ತಕರಾರಿಲ್ಲ. ಆದರೆ ‘ಹೋಗಬೇಡಿ’ ಎಂದ ಮೇಲೆ ಬಂದವರು ಎಲ್ಲಿ ಕೂರಬೇಕು ಎಂದೂ ಹೇಳಬೇಕಲ್ಲ? ಪ್ರತಿ ಜಲಪಾತದ ಎದುರು, ಸುರಕ್ಷಿತ ದೂರದಲ್ಲಿ, ಗಾಳಿಮಳೆ ತಡೆಯುವ ಒಂದು ಸೂರು ಬೇಕು. ಹೆಂಗಸರು ಮೂಗು ಮುಚ್ಚಿಕೊಳ್ಳದೆ ಹೋಗಬಹುದಾದ ಶೌಚಾಲಯ ಬೇಕು. ‘ಅಪಾಯ’ ಎಂದಷ್ಟೇ ಬರೆದ ತುಕ್ಕುಹಿಡಿದ ಫಲಕದ ಬದಲು, ಮೇಲುಗಡೆ ಇಂದು ಎಷ್ಟು ಮಳೆಯಾಗಿದೆ, ನೀರು ಏರುತ್ತಿದೆಯೇ ಎಂದು ದಿನದಿನ ಬರೆಯುವ ಒಂದು ಕರಿಹಲಗೆ ಬೇಕು. ಬರೆಯುವ ಕೆಲಸವನ್ನು ಊರಿನವರಿಗೇ ಸಂಬಳ ಕೊಟ್ಟು ಒಪ್ಪಿಸಲಿ. ಆ ಜೀಪಿನ ಹುಡುಗನಿಗೆ ತಿಳಿದದ್ದು ಯಾವ ಆ್ಯಪ್‌ಗೂ ತಿಳಿದಿರಲಿಲ್ಲ.

ನೀವೂ ಈ ಮಳೆಗಾಲದಲ್ಲಿ ಇಬ್ಬರೇ ಹೊರಟಿದ್ದರೆ ಐದು ಜಾಗ ಬೇಡ, ಒಂದಕ್ಕೆ ಹೋಗಿ. ಒಂದು ರಾತ್ರಿ ಹೆಚ್ಚಿಗೆ ಉಳಿಯಿರಿ. ಇಂಬಳಕ್ಕೆ ಉಪ್ಪು, ನಿಮಗೆ ಒಂದು ಜೊತೆ ಒಣಗಿದ ಬಟ್ಟೆ ಚೀಲದಲ್ಲಿರಲಿ. ಊರಿನವರು ಬೇಡವೆಂದರೆ ಬೇಡ.

ನಾವು ಹೆಬ್ಬೆ ನೋಡಲಿಲ್ಲ. ಇಳಿದು ಬರುವಾಗ ರಸ್ತೆ ಬದಿಯ ಹೋಟೆಲಿನಲ್ಲಿ ಬಿಸಿ ಅಕ್ಕಿರೊಟ್ಟಿ, ಕಳಲೆ ಪಲ್ಯ ತಿಂದೆವು. ಪಟ್ಟಿ ಜೇಬಿನಲ್ಲೇ ನೆಂದು ಮುದ್ದೆಯಾಗಿತ್ತು.