ಗಡ್ಡೆ ಹೋಯಿತು, ಕರುಳಿನ ಗೋಳು ಉಳಿಯಿತು: ಸಕ್ಕರೆ ಗುಳಿಗೆಯಲ್ಲಿ ಉತ್ತರವಿದೆಯೇ?

ಬೆಂಗಳೂರು: ಕರುಳಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು ಎಂದು ವೈದ್ಯರು ಹೇಳಿದ ದಿನ ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ಗಡ್ಡೆ ಹೋಗಿರುತ್ತದೆ, ಸ್ಕ್ಯಾನ್ ವರದಿಯೂ ಸಮಾಧಾನಕರವಾಗಿರುತ್ತದೆ. ಆದರೆ ರೋಗಿಯ ಪಾಲಿಗೆ ಇನ್ನೊಂದು ಅಧ್ಯಾಯ ಆರಂಭವಾಗುವುದು ಆಗಲೇ. ದಿನಕ್ಕೆ ಎಂಟು, ಹತ್ತು ಬಾರಿ ಶೌಚಾಲಯಕ್ಕೆ ಓಡುವುದು, ಹೋಗಿ ಬಂದ ಹತ್ತೇ ನಿಮಿಷಕ್ಕೆ ಮತ್ತೆ ಹೋಗಬೇಕೆನಿಸುವುದು, ತಡೆದುಕೊಳ್ಳಲಾಗದೆ ಬಟ್ಟೆ ಹಾಳಾಗುವುದು, ಇವು ಅವರ ದಿನಚರಿಯಾಗುತ್ತವೆ. ಬಸ್ ಪ್ರಯಾಣ, ಮದುವೆ ಮನೆ, ಕಚೇರಿಯ ಸಭೆ ಎಲ್ಲವೂ ಒಂದೊಂದಾಗಿ ಬಿಟ್ಟುಹೋಗುತ್ತವೆ.

ಈ ಸಂಕಟವನ್ನು ಯಾರ ಬಳಿ ಹೇಳಿಕೊಳ್ಳುವುದು? ನಮ್ಮಲ್ಲಿ ಮಲದ ಮಾತು ಇಂದಿಗೂ ಸಂಕೋಚದ ಮಾತು. ಪ್ರಾಣ ಉಳಿಸಿದ ಶಸ್ತ್ರಚಿಕಿತ್ಸಕರ ಮುಂದೆ ದೂರು ಹೇಳುವುದು ಕೃತಘ್ನತೆಯಾದೀತು ಎಂಬ ಅಳುಕು ಬೇರೆ. ಹೇಳಿದರೂ ‘ಆಪರೇಷನ್ ಆದಮೇಲೆ ಇದೆಲ್ಲ ಇದ್ದದ್ದೇ’ ಎಂಬ ಉತ್ತರ ದೊರೆಯುವುದೇ ಹೆಚ್ಚು. ಹೀಗೆ ನಿರಾಶರಾದವರಲ್ಲಿ ಅನೇಕರು ಬಂಧುಗಳ, ನೆರೆಹೊರೆಯವರ ಸಲಹೆಯಂತೆ ಹೋಮಿಯೋಪಥಿ ಚಿಕಿತ್ಸಾಲಯದ ಮೆಟ್ಟಿಲು ಹತ್ತುತ್ತಾರೆ. ‘ಅಡ್ಡಪರಿಣಾಮವಂತೂ ಇಲ್ಲವಲ್ಲ’ ಎಂಬುದು ಅವರ ಸಮಾಧಾನ. ಈ ಸಮಾಧಾನಕ್ಕೆ ಆಧಾರವೆಷ್ಟು ಎಂಬುದು ಇಲ್ಲಿನ ಪ್ರಶ್ನೆ.

ಹೆಸರಿರುವ ಕಾಯಿಲೆ

ಮೊದಲು ತಿಳಿಯಬೇಕಾದ ಸಂಗತಿಯೆಂದರೆ ಇದು ರೋಗಿಯ ಭ್ರಮೆಯೂ ಅಲ್ಲ, ಅಪರೂಪದ ತೊಡಕೂ ಅಲ್ಲ. ಗುದನಾಳವು ಮಲವನ್ನು ಕೂಡಿಟ್ಟುಕೊಂಡು ಸಕಾಲದಲ್ಲಿ ಸೂಚನೆ ನೀಡುವ ಚೀಲ. ಅಲ್ಲಿನ ಕ್ಯಾನ್ಸರ್ ಗಡ್ಡೆಯನ್ನು ತೆಗೆಯುವಾಗ ಆ ಚೀಲದ ಬಹುಭಾಗ ಹೋಗುತ್ತದೆ. ಮೇಲಿನ ಕರುಳನ್ನು ಕೆಳಗೆಳೆದು ಜೋಡಿಸಿದರೂ ಅದಕ್ಕೆ ಕೂಡಿಟ್ಟುಕೊಳ್ಳುವ ಗುಣವಿಲ್ಲ. ಸುತ್ತಲಿನ ನರಗಳಿಗೆ, ಗುದದ್ವಾರವನ್ನು ಬಿಗಿಹಿಡಿಯುವ ಸ್ನಾಯುವಿಗೆ ಪೆಟ್ಟು ಬಿದ್ದಿದ್ದರೆ ಹತೋಟಿ ಇನ್ನಷ್ಟು ಸಡಿಲವಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಮತ್ತು ಗಡ್ಡೆ ಗುದದ್ವಾರಕ್ಕೆ ಹತ್ತಿರವಿದ್ದವರಲ್ಲಿ ತೊಂದರೆ ಹೆಚ್ಚು.

ವೈದ್ಯಕೀಯ ಪರಿಭಾಷೆಯಲ್ಲಿ ಇದನ್ನು ‘ಲೋ ಆಂಟೀರಿಯರ್ ರಿಸೆಕ್ಷನ್ ಸಿಂಡ್ರೋಮ್’, ಸಂಕ್ಷಿಪ್ತವಾಗಿ ‘ಲಾರ್ಸ್’ ಎನ್ನುತ್ತಾರೆ. ಇದರ ತೀವ್ರತೆಯನ್ನು ಅಳೆಯಲು ಡೆನ್ಮಾರ್ಕ್‌ನ ವೈದ್ಯರು 2012ರಲ್ಲಿ ಐದೇ ಪ್ರಶ್ನೆಗಳ ಮಾಪನವೊಂದನ್ನು ರೂಪಿಸಿದರು. ವಾಯು ತಡೆಯಲಾಗುತ್ತದೆಯೇ, ನೀರಾದ ಮಲ ಸೋರುತ್ತದೆಯೇ, ದಿನಕ್ಕೆ ಎಷ್ಟು ಬಾರಿ, ಒಂದು ಗಂಟೆಯೊಳಗೆ ಮತ್ತೆ ಹೋಗಬೇಕಾಗುತ್ತದೆಯೇ, ಅವಸರ ಎಷ್ಟು ಎಂಬುವೇ ಆ ಪ್ರಶ್ನೆಗಳು. ಒಟ್ಟು 42 ಅಂಕಗಳಲ್ಲಿ 30 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ತೀವ್ರ ಸ್ವರೂಪದ್ದು. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವಿಶ್ಲೇಷಣೆಯೊಂದರ ಪ್ರಕಾರ, ಇಂಥ ಶಸ್ತ್ರಚಿಕಿತ್ಸೆಗೊಳಗಾದವರಲ್ಲಿ ಸುಮಾರು ಶೇ 41ರಷ್ಟು ಮಂದಿ ಈ ತೀವ್ರ ಗುಂಪಿಗೆ ಸೇರುತ್ತಾರೆ.

ಕರುಳಿನ ಬಲಭಾಗವನ್ನು ತೆಗೆಸಿಕೊಂಡವರ ಸಮಸ್ಯೆಯೇ ಬೇರೆ. ಸಣ್ಣ ಕರುಳಿನ ಕೊನೆಯ ಭಾಗವೂ ಅದರೊಂದಿಗೆ ಹೋಗುವುದರಿಂದ ಅಲ್ಲಿ ಹೀರಲ್ಪಡಬೇಕಾದ ಪಿತ್ತಾಮ್ಲಗಳು ನೇರವಾಗಿ ದೊಡ್ಡ ಕರುಳಿಗೆ ಇಳಿದು ನೀರಿನಂಥ ಭೇದಿ ಉಂಟುಮಾಡಬಹುದು. ಹೊರಗಿನಿಂದ ನೋಡಿದರೆ ಎರಡೂ ‘ಭೇದಿ’ಯೇ. ಆದರೆ ಕಾರಣ ಬೇರೆ, ಮದ್ದೂ ಬೇರೆ. ಕಾರಣ ಹುಡುಕದೆ ಲಕ್ಷಣವನ್ನಷ್ಟೇ ನೋಡಿ ಔಷಧ ಕೊಡುವ ಯಾವುದೇ ಪದ್ಧತಿ ಎಡವುವುದು ಇಲ್ಲಿಯೇ.

ಪರೀಕ್ಷೆಗೊಳಪಟ್ಟ ಗುಳಿಗೆ

ಹೋಮಿಯೋಪಥಿಯನ್ನು ಜರ್ಮನಿಯ ಸ್ಯಾಮ್ಯುಯೆಲ್ ಹಾನಿಮನ್ 1796ರಲ್ಲಿ ಪ್ರತಿಪಾದಿಸಿದರು. ಆರೋಗ್ಯವಂತನಲ್ಲಿ ಯಾವ ಲಕ್ಷಣವನ್ನು ಉಂಟುಮಾಡುತ್ತದೆಯೋ ಆ ವಸ್ತುವೇ ರೋಗಿಯಲ್ಲಿ ಅದನ್ನು ಗುಣಪಡಿಸುತ್ತದೆ, ದ್ರಾವಣವನ್ನು ತೆಳುಗೊಳಿಸಿದಷ್ಟೂ ಶಕ್ತಿ ಹೆಚ್ಚುತ್ತದೆ ಎಂಬುದು ಅದರ ಮೂಲ ತತ್ವ. ಅಂಗಡಿಯಲ್ಲಿ ‘30’ ಎಂದು ಮಾರುವ ಔಷಧವನ್ನು ನೂರಕ್ಕೊಂದರಂತೆ 30 ಬಾರಿ ತೆಳುಗೊಳಿಸಿರುತ್ತಾರೆ. ಅಂದರೆ 1ರ ಮುಂದೆ 60 ಸೊನ್ನೆ ಇಟ್ಟಷ್ಟು ಪಾಲು. 12ನೇ ಹಂತ ದಾಟಿದ ಮೇಲೆ ಮೂಲ ವಸ್ತುವಿನ ಒಂದು ಅಣುವಾದರೂ ಉಳಿದಿರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಇದು ಪಿಯುಸಿ ರಸಾಯನಶಾಸ್ತ್ರದ ಲೆಕ್ಕ.

ತತ್ವ ಹೇಗಾದರೂ ಇರಲಿ, ಫಲ ಕಂಡರೆ ಸಾಕಲ್ಲ ಎಂಬ ವಾದವಿದೆ. ನ್ಯಾಯವಾದ ವಾದವೇ. ಕರುಳಿನ ವಿಚಾರದಲ್ಲಿ ಇದನ್ನು ಒರೆಗೆ ಹಚ್ಚಿದ ಉದಾಹರಣೆಯೂ ಇದೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಕರುಳು ಕೆಲಕಾಲ ಸ್ತಬ್ಧವಾಗುತ್ತದೆ. ಅದನ್ನು ಬೇಗ ಚಾಲನೆಗೆ ತರುವ ಶಕ್ತಿ ಹೋಮಿಯೋಪಥಿಗೆ ಇದೆಯೇ ಎಂದು ಫ್ರಾನ್ಸ್‌ನಲ್ಲಿ 600 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಔಷಧ ಪಡೆದವರಿಗೂ ಹುಸಿ ಗುಳಿಗೆ ಪಡೆದವರಿಗೂ ವ್ಯತ್ಯಾಸ ಕಂಡುಬರಲಿಲ್ಲ. 1997ರಲ್ಲಿ ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸ್ವಲ್ಪ ಲಾಭವಿರುವಂತೆ ತೋರಿತು. ಹೋಮಿಯೋಪಥಿಯ ಪರವಾಗಿ ಇದನ್ನು ಉಲ್ಲೇಖಿಸಬಹುದು. ಆದರೆ ಅತ್ಯಂತ ದೊಡ್ಡದಾದ, ಕಟ್ಟುನಿಟ್ಟಾದ ಪ್ರಯೋಗದಲ್ಲಿ ಆ ಲಾಭ ಇರಲಿಲ್ಲ ಎಂಬುದನ್ನು ಮರೆಮಾಚುವಂತಿಲ್ಲ.

ಮಕ್ಕಳ ಭೇದಿಯ ಕಥೆಯೂ ಹೆಚ್ಚುಕಡಿಮೆ ಇದೇ. 1994ರಲ್ಲಿ ನಿಕರಾಗುವಾದಲ್ಲಿ ನಡೆದ ಸಣ್ಣ ಪ್ರಯೋಗ ಭರವಸೆ ಮೂಡಿಸಿತು. 2006ರಲ್ಲಿ ಹೊಂಡುರಾಸ್‌ನ ದೊಡ್ಡ ಪ್ರಯೋಗದಲ್ಲಿ ಅದು ನಿಜವಾಗಲಿಲ್ಲ. ಕ್ಯಾನ್ಸರ್ ಚಿಕಿತ್ಸೆಯ ಅಡ್ಡಪರಿಣಾಮಗಳಿಗೆ ಹೋಮಿಯೋಪಥಿ ಕುರಿತು 2009ರಲ್ಲಿ ಕಾಕ್ರೇನ್ ಸಂಸ್ಥೆ ಎಂಟು ಪ್ರಯೋಗಗಳನ್ನು ಪರಿಶೀಲಿಸಿತು. ಚರ್ಮದ ಉರಿ, ಬಾಯಿಹುಣ್ಣುಗಳ ಬಗ್ಗೆ ಎರಡರಲ್ಲಿ ಲಾಭ ಕಂಡಿತ್ತಾದರೂ ಅವು ಮುಲಾಮು ಮತ್ತು ಬಾಯಿ ಮುಕ್ಕಳಿಸುವ ದ್ರಾವಣಗಳೇ ಹೊರತು ಸಕ್ಕರೆ ಗುಳಿಗೆಗಳಲ್ಲ. ಶಸ್ತ್ರಚಿಕಿತ್ಸೆಯ ನಂತರ ಕಾಡುವ ದೀರ್ಘಕಾಲದ ಕರುಳಿನ ತೊಂದರೆಗೆ ಬೆಂಬಲವಾಗಿ ನಿಲ್ಲಬಲ್ಲ ಗಟ್ಟಿ ಪುರಾವೆ ಅಲ್ಲಿ ಸಿಗುವುದಿಲ್ಲ.

ಆಸ್ಟ್ರೇಲಿಯಾದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ 61 ಕಾಯಿಲೆಗಳ ಕುರಿತ ಅಧ್ಯಯನಗಳನ್ನು ಜಾಲಾಡಿ, ಒಂದಕ್ಕಾದರೂ ಹೋಮಿಯೋಪಥಿ ಪರಿಣಾಮಕಾರಿ ಎನ್ನಲು ವಿಶ್ವಾಸಾರ್ಹ ಸಾಕ್ಷ್ಯವಿಲ್ಲವೆಂದು ಹೇಳಿತು. ಇಂಗ್ಲೆಂಡ್‌ನ ಸಾರ್ವಜನಿಕ ಆರೋಗ್ಯ ಸೇವೆ 2017ರಲ್ಲಿ ಇದನ್ನು ಬರೆದುಕೊಡದಂತೆ ವೈದ್ಯರಿಗೆ ಸೂಚಿಸಿತು. ಫ್ರಾನ್ಸ್ 2021ರ ಜನವರಿಯಿಂದ ವೆಚ್ಚ ಮರುಪಾವತಿಯನ್ನೇ ನಿಲ್ಲಿಸಿತು.

ಹಾಗಾದರೆ ಗುಣ ಕಂಡವರು ಸುಳ್ಳು ಹೇಳುತ್ತಿದ್ದಾರೆಯೇ?

ಖಂಡಿತ ಇಲ್ಲ. ಇಲ್ಲಿಯೇ ವಿಷಯದ ಸೂಕ್ಷ್ಮವಿರುವುದು. ಶಸ್ತ್ರಚಿಕಿತ್ಸೆಯ ನಂತರದ ಮೊದಲ ಒಂದು, ಎರಡು ವರ್ಷಗಳಲ್ಲಿ ಕರುಳು ಹೊಸ ಸ್ಥಿತಿಗೆ ತಾನಾಗಿಯೇ ಒಂದಿಷ್ಟು ಹೊಂದಿಕೊಳ್ಳುತ್ತದೆ. ಆರನೇ ತಿಂಗಳಲ್ಲಿ ಬೇಸತ್ತು ಗುಳಿಗೆ ಆರಂಭಿಸಿದವರಿಗೆ ಹನ್ನೆರಡನೇ ತಿಂಗಳಲ್ಲಿ ಹಗುರವೆನಿಸಿದರೆ, ಕೀರ್ತಿ ಗುಳಿಗೆಗೆ ಸಲ್ಲುವುದು ಸಹಜ.

ಇನ್ನೊಂದು ಸ್ವಾರಸ್ಯವಿದೆ. ಹೋಮಿಯೋಪಥಿ ವೈದ್ಯರು ಸಾಮಾನ್ಯವಾಗಿ ಹೇಳುವ ಪಥ್ಯ ನಮ್ಮ ಜನರಿಗೆಲ್ಲ ಗೊತ್ತು: ಕಾಫಿ ಬಿಡಿ, ಈರುಳ್ಳಿ, ಬೆಳ್ಳುಳ್ಳಿ ಬಿಡಿ. ಔಷಧದ ಶಕ್ತಿ ಕುಂದದಿರಲೆಂದು ಅವರು ಹೀಗೆ ಹೇಳುತ್ತಾರೆ. ಆದರೆ ಕಾಫಿ ದೊಡ್ಡ ಕರುಳಿನ ಚಲನೆಯನ್ನು ಪ್ರಚೋದಿಸುತ್ತದೆ. ಈರುಳ್ಳಿ, ಬೆಳ್ಳುಳ್ಳಿಯಲ್ಲಿನ ಕೆಲವು ಸಕ್ಕರೆ ಅಂಶಗಳು ಜೀರ್ಣವಾಗದೆ ಕರುಳಿನಲ್ಲಿ ಹುದುಗಿ ವಾಯು ಹೆಚ್ಚಿಸುತ್ತವೆ. ಬೆಳಿಗ್ಗೆ ಎದ್ದೊಡನೆ ಎರಡು ಲೋಟ ಫಿಲ್ಟರ್ ಕಾಫಿ ಕುಡಿಯುತ್ತಿದ್ದವರು ಅದನ್ನು ನಿಲ್ಲಿಸಿದರೆ ಕರುಳಿಗೆ ಆರಾಮ ಸಿಕ್ಕೀತು. ಅದು ಪಥ್ಯದ ಗುಣವೇ ಹೊರತು ಗುಳಿಗೆಯದಲ್ಲ.

ಮೂರನೆಯದು ಸಮಯ. ಹೋಮಿಯೋಪಥಿ ವೈದ್ಯರು ಮೊದಲ ಭೇಟಿಯಲ್ಲಿ ಮುಕ್ಕಾಲು ಗಂಟೆ ಕೂರಿಸಿಕೊಂಡು ನಿದ್ರೆ, ಹಸಿವು, ಭಯ, ಮನೆಯ ಪರಿಸ್ಥಿತಿ ಎಲ್ಲವನ್ನೂ ವಿಚಾರಿಸುತ್ತಾರೆ. ಸರತಿ ಸಾಲಿನಲ್ಲಿ ಮೂರು ಗಂಟೆ ಕಾದು ಮೂರು ನಿಮಿಷ ಮಾತನಾಡಿ ಬರುವ ಕ್ಯಾನ್ಸರ್ ಆಸ್ಪತ್ರೆಯ ಹೊರರೋಗಿಗೆ ಇದು ದೊಡ್ಡ ಸಾಂತ್ವನ. ಈ ಕೊರತೆಯನ್ನು ಹೋಮಿಯೋಪಥಿಯ ಟೀಕಾಕಾರರು ಒಪ್ಪಿಕೊಳ್ಳದಿದ್ದರೆ ಅವರ ಟೀಕೆ ಅರ್ಧ ಸತ್ಯವಷ್ಟೇ.

ಅಪಾಯ ಎಲ್ಲಿದೆ?

ಗುಳಿಗೆಯಿಂದ ನೇರ ಹಾನಿ ಕಡಿಮೆ. ಹಾನಿಯಾಗುವುದು ಅದು ಕಸಿದುಕೊಳ್ಳುವ ಅವಕಾಶದಿಂದ. ಈ ತೊಂದರೆಗೆ ಉಪಶಮನ ನೀಡುವ ದಾರಿಗಳು ಆಧುನಿಕ ವೈದ್ಯದಲ್ಲಿವೆ, ಅನೇಕವು ದುಬಾರಿಯೂ ಅಲ್ಲ. ಮಲಕ್ಕೆ ಗಟ್ಟಿತನ ಕೊಡುವ ಇಸಬ್‌ಗೋಲ್, ಕರುಳಿನ ಓಟ ತಗ್ಗಿಸುವ ಲೋಪರಮೈಡ್, ಪಿತ್ತಾಮ್ಲದ ಭೇದಿಗೆ ಕೊಲೆಸ್ಟೈರಮೈನ್, ಗುದದ್ವಾರದ ಸುತ್ತಲಿನ ಸ್ನಾಯುಗಳಿಗೆ ತರಬೇತಿ ನೀಡುವ ಫಿಸಿಯೋಥೆರಪಿ, ಮನೆಯಲ್ಲೇ ಕರುಳನ್ನು ನೀರಿನಿಂದ ತೊಳೆದುಕೊಳ್ಳುವ ವಿಧಾನ ಇವುಗಳಲ್ಲಿ ಮುಖ್ಯ. ಈ ತೊಳೆಯುವ ವಿಧಾನವನ್ನು ದಾದಿಯರು ಕಲಿಸಿಕೊಡುತ್ತಾರೆ. ದಿನದ ಬಹುಪಾಲು ನಿಶ್ಚಿಂತೆಯಿಂದ ಇರುವುದು ಇದರಿಂದ ಹಲವರಿಗೆ ಸಾಧ್ಯವಾಗಿದೆ. ಯಾವುದಕ್ಕೂ ಬಗ್ಗದವರಿಗೆ ಬೆನ್ನಿನ ಕೆಳಭಾಗದ ನರ ಪ್ರಚೋದಿಸುವ ಸಾಧನವಿದೆ. ಕೊನೆಯ ಉಪಾಯವಾಗಿ ಹೊಟ್ಟೆಯ ಮೇಲೆ ಶಾಶ್ವತ ಚೀಲ. ಎಲ್ಲವೂ ಎಲ್ಲರಿಗೂ ಫಲಿಸುವುದಿಲ್ಲ, ಪೂರ್ಣ ಗುಣದ ಭರವಸೆಯನ್ನು ಯಾರೂ ಕೊಡಲಾರರು. ಪೂರ್ಣ ಗುಣದ ಭರವಸೆ ಎಲ್ಲಿ ಸಿಗುತ್ತದೆಯೋ ಅಲ್ಲಿ ಎಚ್ಚರವಿರಬೇಕು.

ಇದಕ್ಕಿಂತ ಗಂಭೀರವಾದದ್ದು ಮತ್ತೊಂದಿದೆ. ಮಲದಲ್ಲಿ ರಕ್ತ, ಹೊಟ್ಟೆಯುಬ್ಬರದೊಂದಿಗೆ ವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು, ಇದ್ದ ಅಭ್ಯಾಸ ಏಕಾಏಕಿ ಬದಲಾಗುವುದು ಕ್ಯಾನ್ಸರ್ ಮರುಕಳಿಸಿದ ಅಥವಾ ಕರುಳು ಕಟ್ಟಿಕೊಂಡ ಸೂಚನೆಯಾಗಿರಬಹುದು. ಅದನ್ನು ಹಳೆಯ ಗೋಳಿನ ಮುಂದುವರಿಕೆ ಎಂದು ಭಾವಿಸಿ ತಿಂಗಳುಗಟ್ಟಲೆ ಗುಳಿಗೆ ಬದಲಿಸುತ್ತ ಕುಳಿತರೆ ಕಾಲ ಮಿಂಚಿಹೋಗುತ್ತದೆ. ಮೊದಲ ಚಿಕಿತ್ಸೆಯಾಗಿಯೇ ಪರ್ಯಾಯ ಪದ್ಧತಿಯನ್ನಷ್ಟೇ ನೆಚ್ಚಿದ ಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ ಸಾವಿನ ಅಪಾಯ ನಾಲ್ಕೂವರೆ ಪಟ್ಟು ಹೆಚ್ಚಿತ್ತೆಂದು ಅಮೆರಿಕದ ಅಧ್ಯಯನವೊಂದು 2018ರಲ್ಲಿ ತೋರಿಸಿತು. ಶಸ್ತ್ರಚಿಕಿತ್ಸೆ ಮುಗಿಸಿಕೊಂಡವರ ಸ್ಥಿತಿ ಅದಲ್ಲ. ಆದರೂ ವಿಳಂಬಕ್ಕೆ ತೆರಬೇಕಾದ ಬೆಲೆಯನ್ನು ಅಂದಾಜಿಸಲು ಆ ಅಂಕಿ ಸಾಕು.

ಸರ್ಕಾರದ ನಿಲುವು

ಹೋಮಿಯೋಪಥಿಗೆ ಕರ್ನಾಟಕದ ನಂಟು ಹಳೆಯದು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧ ನೀಡಲಾರಂಭಿಸಿದ್ದು ಬಡವರಿಗೆ ಬೇರೆ ವೈದ್ಯವೇ ದುರ್ಲಭವಾಗಿದ್ದ ಕಾಲದಲ್ಲಿ. ಅದೇ ಸಂಸ್ಥೆ ಮುಂದೆ ದೊಡ್ಡ ಆಧುನಿಕ ಆಸ್ಪತ್ರೆಯಾಗಿಯೂ ಬೆಳೆಯಿತು. ದೇಶದಲ್ಲಿ ಹೋಮಿಯೋಪಥಿಗೆ 1973ರ ಕಾಯ್ದೆಯಿಂದ ಶಾಸನಬದ್ಧ ಮಾನ್ಯತೆ ದೊರೆಯಿತು. 2014ರಲ್ಲಿ ಆಯುಷ್‌ಗೆ ಪ್ರತ್ಯೇಕ ಸಚಿವಾಲಯ, 2020ರಲ್ಲಿ ಹೋಮಿಯೋಪಥಿಗೆ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದವು. ಇನ್ನೊಂದೆಡೆ, ಕ್ಯಾನ್ಸರ್ ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು 1954ರ ಕಾಯ್ದೆ ನಿಷೇಧಿಸಿದೆ. ಆದರೆ ‘ಕ್ಯಾನ್ಸರ್ ನಂತರದ ತೊಂದರೆಗಳಿಗೆ ಪರಿಹಾರ’ ಎಂಬ ಒಕ್ಕಣೆ ಕಾನೂನಿನ ಅಂಚಿನಲ್ಲೇ ನುಸುಳಿಕೊಳ್ಳುತ್ತದೆ.

ವಿಮಾ ಕ್ಷೇತ್ರದ ಬೆಳವಣಿಗೆ ಇನ್ನಷ್ಟು ವಿಚಿತ್ರ. ಆಯುಷ್ ಚಿಕಿತ್ಸೆಯನ್ನು ಇತರ ಚಿಕಿತ್ಸೆಗಳಿಗೆ ಸಮನಾಗಿ ಪರಿಗಣಿಸುವಂತೆ ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಜನವರಿಯಲ್ಲಿ ಕಂಪನಿಗಳಿಗೆ ಸೂಚಿಸಿತು. ಅದೇ ವೇಳೆ, ಆಯುಷ್ಮಾನ್ ಭಾರತ್ ಯೋಜನೆ ಮೂಲತಃ ಒಳರೋಗಿ ಚಿಕಿತ್ಸೆಗೆ ರೂಪಿತವಾದದ್ದು. ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಗೆ ಹಣವಿದೆ. ಆನಂತರ ವಾರಕ್ಕೊಮ್ಮೆ ಬಂದು ಸ್ನಾಯು ತರಬೇತಿ ಪಡೆಯಬೇಕಾದ, ಕರುಳು ತೊಳೆಯುವ ಸಾಧನ ಕೊಳ್ಳಬೇಕಾದ ಹೊರರೋಗಿ ಅದನ್ನು ಸಾಮಾನ್ಯವಾಗಿ ಸ್ವಂತ ಜೇಬಿನಿಂದಲೇ ಭರಿಸಬೇಕು. ಜಾಗತಿಕ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 70 ಸಾವಿರ ಮಂದಿಗೆ ಹೊಸದಾಗಿ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಕಾಣಿಸಿಕೊಂಡಿದೆ. ಇವರಲ್ಲಿ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಮರಳುವವರಿಗೆ ಡಿಸ್ಚಾರ್ಜ್ ಪತ್ರದಲ್ಲಿ ಮುಂದಿನ ಸ್ಕ್ಯಾನ್ ದಿನಾಂಕ ಬರೆದಿರುತ್ತದೆ. ಡೆನ್ಮಾರ್ಕ್‌ನ ಆ ಐದು ಪ್ರಶ್ನೆಗಳನ್ನು ಕೇಳಲು ಐದು ನಿಮಿಷವೂ ಬೇಡ. ಮರುಭೇಟಿಯಲ್ಲಿ ವೈದ್ಯರೇ ಕೇಳಲಿ ಎಂದು ಕಾಯದೆ, ರೋಗಿ ದಿನಕ್ಕೆಷ್ಟು ಬಾರಿ, ಯಾವ ಹೊತ್ತಿನಲ್ಲಿ, ಏನು ತಿಂದ ಮೇಲೆ ಎಂದು ಎರಡು ವಾರ ಚೀಟಿಯಲ್ಲಿ ಬರೆದಿಟ್ಟು ಅವರ ಮೇಜಿನ ಮೇಲಿಟ್ಟರೆ ಮಾತು ಅಲ್ಲಿಂದ ಆರಂಭವಾಗಬಹುದು. ಜೊತೆಗೆ ಹೋಮಿಯೋಪಥಿ ಗುಳಿಗೆ ಸೇವಿಸುತ್ತಿದ್ದರೆ ಅದನ್ನೂ ಅದೇ ಚೀಟಿಯಲ್ಲಿ ಬರೆಯುವುದು ಒಳ್ಳೆಯದು.