ಸಿಡಿವ ನಕ್ಷತ್ರಕ್ಕೊಂದು ಕಾವಲು

ಯಡೂರಿನ ವೀರಭದ್ರನ ಸನ್ನಿಧಿಗೆ ಬರುವ ಕೃಷ್ಣೆ, ಅದಕ್ಕೂ ಮೊದಲು ಕೊಲ್ಲಾಪುರ ಜಿಲ್ಲೆಯ ಕುರುಂದವಾಡವನ್ನು ಹಾದು ಬರುತ್ತಾಳೆ. ಅಲ್ಲಿ 1956ರಲ್ಲಿ ಜನಿಸಿ ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿಯವರಿಗೆ 2024ರಲ್ಲಿ ಖಗೋಳ ವಿಜ್ಞಾನದ ಶಾ ಪ್ರಶಸ್ತಿ ಸಂದಿತು. ಅಮೆರಿಕದ ಪಾಲೋಮಾರ್ ಬೆಟ್ಟದ ಮೇಲೆ ಅವರು ಆಕಾಶಕ್ಕೇ ಕಾವಲು ಹಾಕಿದವರು.

ಸೂರ್ಯನಿಗಿಂತ ಎಂಟು ಪಟ್ಟಿಗೂ ಮಿಗಿಲಾದ ತೂಕದ ನಕ್ಷತ್ರವು ಸಾಮಾನ್ಯವಾಗಿ ಒಡಲಿನ ಇಂಧನ ತೀರಿದಾಗ ಕುಸಿದು ಸಿಡಿಯುತ್ತದೆ. ಇದು ಸೂಪರ್‌ನೋವಾದ ಒಂದು ಬಗೆ. ಚೆಲ್ಲಿದ ದ್ರವ್ಯ ಆ ಗೆಲಾಕ್ಸಿಯ ಅನಿಲದಲ್ಲಿ ಬೆರೆತು ಮುಂದಿನ ನಕ್ಷತ್ರಗಳಿಗೆ ಮೂಲವಸ್ತುವಾಗುತ್ತದೆ. ಕೃಷ್ಣೆಯ ನೀರಿನೊಳಗಿನ ಆಮ್ಲಜನಕದ ಬಹುಪಾಲು ತಯಾರಾದುದೂ ಅಂತಹ ಒಡಲುಗಳಲ್ಲಿಯೇ.

ಆದರೆ ಯಾವ ನಕ್ಷತ್ರ, ಯಾವ ರಾತ್ರಿ? ಯಾವ ಪಂಚಾಂಗವೂ ಹೇಳಲಾರದು. ಫ್ರಿಟ್ಸ್ ಜ್ವಿಕಿ ಎಂಬ ಮಹಾ ಹಠವಾದಿ ಜೀವಮಾನವೆಲ್ಲ ಹುಡುಕಿ ಕಂಡದ್ದು ಸುಮಾರು 120. ಆತನ ಹೆಸರಿನಲ್ಲಿಯೇ ಕುಲಕರ್ಣಿಯವರು 2018ರಲ್ಲಿ ಆರಂಭಿಸಿದ ಶೋಧದ ಕ್ಯಾಮೆರಾ, ಇನ್ನೂರಕ್ಕೂ ಹೆಚ್ಚು ಹುಣ್ಣಿಮೆಯ ಚಂದ್ರರು ಹಿಡಿಸುವಷ್ಟು ಆಕಾಶವನ್ನು ಒಂದೇ ಚಿತ್ರದಲ್ಲಿ ಸೆರೆಹಿಡಿಯುತ್ತದೆ. 2024ರ ವೇಳೆಗೆ ಬಗೆ ತಿಳಿದು ವರ್ಗೀಕರಿಸಿದ ಸೂಪರ್‌ನೋವಾಗಳೇ 10,000 ದಾಟಿದವು.

ಎಣಿಕೆ ದೊಡ್ಡದೇ ಸರಿ. ಬೇಗ ಕಾಣುವುದು ಅದಕ್ಕಿಂತ ದೊಡ್ಡದು. ಅವರದೇ ಹಿಂದಿನ ಶೋಧದಲ್ಲಿ, 2013ರ ಅಕ್ಟೋಬರ್‌ನಲ್ಲಿ, ಒಂದು ಸ್ಫೋಟದ ಮೊದಲ ಬೆಳಕು ಭೂಮಿಗೆ ತಲುಪಿ ಸುಮಾರು ಮೂರು ಗಂಟೆಯಾಗುವಷ್ಟರಲ್ಲಿ ಕಣ್ಣಿಗೆ ಬಿತ್ತು. (ಆ ಬೆಳಕು ಹೊರಟದ್ದು ಸುಮಾರು 16 ಕೋಟಿ ವರ್ಷಗಳ ಹಿಂದೆ!) ಸಾಯುವ ಮುನ್ನ, ಹೆಚ್ಚೆಂದರೆ ಒಂದು ವರ್ಷದೊಳಗೆ, ಆ ನಕ್ಷತ್ರ ಉಗುಳಿದ್ದ ಅನಿಲದ ಹೊದಿಕೆಯೊಂದು ಸುತ್ತಲೂ ಕಂಡಿತು. ಕೆಲವೇ ದಿನಗಳಲ್ಲಿ ಸ್ಫೋಟದ ಅಲೆ ಅದನ್ನು ನುಂಗಿಬಿಟ್ಟಿತು.