ಇಪ್ಪತ್ತೊಂದರ ಪೈಲಟ್‌ನನ್ನು ನೆನೆಯುವುದು ಹೇಗೆ?

1943ರ ಮೇ 17ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಜರ್ಮನಿಯ ಮೋನೆ ಅಣೆಕಟ್ಟಿನ ಮೇಲೆ ಬಾಂಬ್ ಹಾಕುವ ಎರಡನೇ ಸರದಿ ಬ್ರಿಟಿಷ್ ಪೈಲಟ್ ಜಾನ್ ಹಾಪ್‌ಗುಡ್‌ನದಾಗಿತ್ತು. ವಯಸ್ಸು 21. ಲ್ಯಾಂಕಾಸ್ಟರ್ ವಿಮಾನವನ್ನು ನೀರಿನಿಂದ ಬರೀ 60 ಅಡಿ ಎತ್ತರದಲ್ಲಿ ಹಾರಿಸಬೇಕಿತ್ತು. ಎತ್ತರ ಅಳೆಯಲು ವಿಮಾನದ ಅಡಿಯಲ್ಲಿ ಎರಡು ದೀಪಗಳಿದ್ದವು. ಅವುಗಳ ಬೆಳಕು ನೀರಿನ ಮೇಲೆ ಒಂದಕ್ಕೊಂದು ತಾಗಿದರೆ ಎತ್ತರ ಸರಿ. ಅದೇ ಬೆಳಕು ಶತ್ರುವಿನ ಗನ್‌ಗಳಿಗೂ ಕಾಣುತ್ತಿತ್ತು. ಗುಂಡೇಟಿಗೆ ವಿಮಾನ ಹೊತ್ತಿಕೊಂಡಿತು. ಬಾಂಬ್ ಅಣೆಕಟ್ಟನ್ನು ದಾಟಿ ಕೆಳಗಿನ ವಿದ್ಯುತ್ ಕೇಂದ್ರಕ್ಕೆ ಬಡಿಯಿತು. ಜೊತೆಯವರು ಧುಮುಕಿ ಪಾರಾಗಲೆಂದು ಹಾಪ್‌ಗುಡ್ ಉರಿಯುವ ವಿಮಾನವನ್ನು ಮೇಲಕ್ಕೆಳೆದ. ಏಳು ಮಂದಿಯಲ್ಲಿ ಇಬ್ಬರು ಉಳಿದರು. ಅವನು ಉಳಿಯಲಿಲ್ಲ.

ಆಮೇಲೆ ಬಂದ ವಿಮಾನಗಳು ಅಣೆಕಟ್ಟನ್ನು ಒಡೆದವು. ಈಡರ್ ಅಣೆಕಟ್ಟೂ ಒಡೆಯಿತು. ಪ್ರವಾಹದಲ್ಲಿ 1,300ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನೂರಾರು ಮಂದಿ ಜರ್ಮನರೇ ಅಲ್ಲ; ನೇಹೈಮ್ ಪಟ್ಟಣದ ಶಿಬಿರದಲ್ಲಿ ಜೀತಕ್ಕಿಟ್ಟಿದ್ದ ಸೋವಿಯತ್ ನಾಡಿನ ಹೆಂಗಸರು. ಯಾರ ವಿರುದ್ಧ ಬಾಂಬ್ ಬಿತ್ತೋ, ಅವರ ಕೈಸೆರೆಯಲ್ಲಿದ್ದವರೇ ಮುಳುಗಿಹೋದರು.

ಹಾಗಾದರೆ ಹಾಪ್‌ಗುಡ್‌ನನ್ನು ಯಾವ ಬಾಯಿಂದ ನೆನೆಯಬೇಕು?

ಒಂದು ಸುಲಭದ ಉತ್ತರ, ಅವನು ವೀರ, ಮಿಕ್ಕಿದ್ದು ಕೇಳಬೇಡಿ. ಇನ್ನೊಂದು ಸುಲಭದ ಉತ್ತರ, ಅವನು ಜನರನ್ನು ಕೊಂದವನು, ಹೆಸರೆತ್ತಬೇಡಿ. ಎರಡೂ ಅರ್ಧ ಲೆಕ್ಕ.

ಬ್ರಿಟನ್ನಿನ ಬಾಂಬರ್ ಕಮಾಂಡ್‌ನಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಮಂದಿ ಸತ್ತರು. ಮೋನೆ ದಾಳಿಯ ರಾತ್ರಿ ಹೊರಟ 19 ವಿಮಾನಗಳಲ್ಲಿ ಎಂಟು ಮರಳಲಿಲ್ಲ. 53 ಜನ ಸತ್ತರು. ದಾಳಿಯ ನಾಯಕ ಗೈ ಗಿಬ್ಸನ್ ಹುಟ್ಟಿದ್ದು ನಮ್ಮ ಶಿಮ್ಲಾದಲ್ಲಿ. ಮರುವರ್ಷ ಹಾಲೆಂಡಿನಲ್ಲಿ ವಿಮಾನ ಬಿದ್ದು 26ನೇ ವಯಸ್ಸಿಗೆ ಅವನೂ ಸತ್ತ. ಇವರು ಹಾರಾಟಕ್ಕೆ ಸ್ವಇಚ್ಛೆಯಿಂದ ಬಂದವರು ನಿಜ. ಆದರೆ ಯಾವ ಅಣೆಕಟ್ಟು, ಯಾವ ಊರು ಎಂಬುದನ್ನು ಇವರು ಆರಿಸಲಿಲ್ಲ. ಬಹುಪಾಲು ಸಿಬ್ಬಂದಿಗೆ ಗುರಿ ಯಾವುದೆಂದು ಗೊತ್ತಾದದ್ದೇ ಹೊರಡುವ ದಿನ. ಆಜ್ಞೆ ಕೊಟ್ಟವರ ಹೊಣೆಯನ್ನೂ ಹೊತ್ತವರ ಹೊಣೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಹಾಗೆಂದು ಧೈರ್ಯ ಎಲ್ಲವನ್ನೂ ತೊಳೆಯುವುದಿಲ್ಲ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಪ್ರೋಟೋಕಾಲ್, ಜನಸಾಮಾನ್ಯರಿಗೆ ಭಾರೀ ಸಾವುನೋವು ತರಬಹುದಾದ ಸಂದರ್ಭದಲ್ಲಿ ಅಣೆಕಟ್ಟುಗಳ ಮೇಲಿನ ದಾಳಿಯನ್ನು ಸಾಮಾನ್ಯವಾಗಿ ನಿಷೇಧಿಸಿತು. 1943ರಲ್ಲಿ ಆ ನಿಯಮ ಇರಲಿಲ್ಲ, ಇಂದಿನ ಅಳತೆಗೋಲಿನಿಂದ ಅಳೆಯಬೇಡಿ ಎನ್ನುವವರ ಮಾತಿನಲ್ಲಿ ಹುರುಳಿದೆ. ಪೈಲಟ್‌ನನ್ನು ಅಪರಾಧಿ ಎನ್ನದಿರಲು ಅದು ಸಾಕು. ನೇಹೈಮ್‌ನ ಹೆಂಗಸರನ್ನು ಲೆಕ್ಕದಿಂದ ಕೈಬಿಡಲು ಸಾಲದು.

ಬ್ರಿಟನ್ ಈ ಇಕ್ಕಟ್ಟಿನಲ್ಲಿ ದಶಕಗಟ್ಟಲೆ ತಡವರಿಸಿತು. ಬಾಂಬರ್ ಕಮಾಂಡ್ ಮುಖ್ಯಸ್ಥ ಆರ್ಥರ್ ಹ್ಯಾರಿಸ್ ಪ್ರತಿಮೆಯನ್ನು 1992ರಲ್ಲಿ ಲಂಡನ್ನಿನಲ್ಲಿ ನಿಲ್ಲಿಸಿದಾಗ ಪ್ರತಿಭಟನೆ ನಡೆಯಿತು. ಸತ್ತ ವಿಮಾನಯೋಧರಿಗೆಂದೇ ಲಂಡನ್ನಿನ ಗ್ರೀನ್ ಪಾರ್ಕ್‌ನಲ್ಲಿ ಸ್ಮಾರಕ ಎದ್ದದ್ದು 2012ರಲ್ಲಿ, ಯುದ್ಧ ಮುಗಿದು 67 ವರ್ಷಗಳಾದ ಮೇಲೆ. ಬಾಂಬ್ ದಾಳಿಗಳಲ್ಲಿ ಸತ್ತ ಎಲ್ಲ ದೇಶಗಳ ಜನರನ್ನೂ ನೆನೆಯುವ ಬರಹ ಆ ಸ್ಮಾರಕದಲ್ಲೇ ಇದೆ. ಹಾಪ್‌ಗುಡ್‌ನಂಥವರಿಗೆ ಇದರಿಂದ ಅವಮಾನವೇನೂ ಆಗಿಲ್ಲ. ಯುದ್ಧಸ್ಮಾರಕ ಕಟ್ಟುವ ಯಾವ ದೇಶವೂ ಇಷ್ಟಕ್ಕಿಂತ ಕಡಿಮೆ ಬರೆಯಬಾರದು.